ಕಂಬಳಿಹುಳುವಿನ ಒಂದು ವರ್ಷ

ಮುಂಗಾರಿನ ಮೊದಲ ಹದಮಳೆ ಬಿದ್ದ ಮೇಲೆ ಸಂಜೆ ದೀಪಕ್ಕೆ ಮುತ್ತುವ ಹಾತೆಗಳನ್ನು ನೀವು ನೋಡಿಯೇ ಇರುತ್ತೀರಿ. ಅವುಗಳಲ್ಲಿ ಒಂದನ್ನು ಗುರುತಿಟ್ಟುಕೊಳ್ಳಿ. ಬಿಳಿಯ ಮುಂದಿನ ರೆಕ್ಕೆ, ಅದರ ಮೇಲೆ ಕಂದು ಗೀರುಗಳು, ಅಂಚಿಗೆ ಹಳದಿಯ ಪಟ್ಟಿ. ಹಿಂದಿನ ರೆಕ್ಕೆಯಲ್ಲಿ ಕಪ್ಪು ಬೊಟ್ಟು. ನೋಡಲು ಸೊಗಸೇ. ಆದರೆ ಕಡಲೆಕಾಯಿ ಹೊಲವನ್ನು ಬೋಳುಮಾಡುವ ಕೆಂಪು ಕಂಬಳಿಹುಳು ಇದರ ಮರಿಯೇ.

ಶಾಸ್ತ್ರಜ್ಞರು ಇದನ್ನು ಅಮ್ಸಾಕ್ಟಾ ಆಲ್ಬಿಸ್ಟ್ರೈಗ ಎನ್ನುತ್ತಾರೆ. ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡುಗಳ ಮಳೆಯಾಧಾರದ ಕೆಂಪು ನೆಲ ಇದರ ಸೀಮೆ. ಉತ್ತರ ಭಾರತದಲ್ಲಿ ಇದರ ದಾಯಾದಿಯೊಂದುಂಟು. ಅದರ ರೆಕ್ಕೆಯಂಚು ಕೆಂಪು.

ತಾಯಿಹಾತೆ ಎಲೆಯ ಅಡಿಯಲ್ಲಿ ನೂರಾರು ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಕೆಲವೇ ದಿನಗಳಲ್ಲಿ ಒಡೆದು ಬಂದ ಮರಿಗಳು ಒಂದೇ ಎಲೆಯಲ್ಲಿ ಒಟ್ಟಾಗಿ ಕುಳಿತು ಹಸುರನ್ನು ಕೆರೆದು ತಿನ್ನುತ್ತವೆ. ಆಗ ಆ ಎಲೆಯನ್ನು ಕಿತ್ತರೆ ಇಡೀ ಸಂಸಾರವೇ ಕೈಗೆ ಸಿಕ್ಕಿತು! ಬೆಳೆದ ಮೇಲೆ ಆ ಮಾತಿಲ್ಲ. ಮೈತುಂಬ ಕೆಂಗಂದು ಕೂದಲು ಹೊತ್ತು, ಒಂದು ಹೊಲ ಮುಗಿಸಿ ಮುಂದಿನ ಹೊಲಕ್ಕೆ ದಂಡಾಗಿ ನಡೆಯುತ್ತವೆ. ಕಡಲೆಕಾಯಿ, ಹರಳು, ಅಲಸಂದೆ, ಅವರೆ, ಹತ್ತಿ ಎಲ್ಲವೂ ಆದೀತು. ಹಸಿವು ಹೆಚ್ಚಿದರೆ ಜೋಳ, ರಾಗಿಯನ್ನೂ ಬಿಡವು. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದ ಪೈರು. ಹುಳು ನಮ್ಮ ನೆಲದ್ದು. ಅತಿಥಿಯ ರುಚಿಯನ್ನು ಚೆನ್ನಾಗಿಯೇ ಕಂಡುಕೊಂಡಿದೆ.

ಸುಮಾರು ಒಂದೂವರೆ ತಿಂಗಳು ತಿಂದು, ಬದುಗಳಲ್ಲಿ, ಮರದ ನೆರಳಿನಲ್ಲಿ ಗೇಣುದ್ದದೊಳಗಿನ ಆಳದಲ್ಲಿ ಮಣ್ಣು ಸೇರಿ ಕೋಶವಾಗುತ್ತದೆ. ಅಲ್ಲಿಂದ ಮುಂದಿನ ವರ್ಷದ ಮಳೆಯವರೆಗೆ ನಿದ್ರೆ. ವರ್ಷದ ಬಹುಭಾಗ ಹೀಗೆ ಮಣ್ಣಿನಲ್ಲೇ ಕಳೆಯುತ್ತದೆ.

ಸಂಸ್ಕೃತದಲ್ಲಿ ಪತಂಗವೆಂದರೆ ಸೂರ್ಯನೂ ಹೌದು, ದೀಪಕ್ಕೆ ಬೀಳುವ ಹುಳುವೂ ಹೌದು. ಕವಿಗಳು ಈ ಬೀಳುವಿಕೆಯನ್ನು ಮೋಹಕ್ಕೆ ಉಪಮಾನ ಮಾಡಿದರು. ರೈತನಿಗೆ ಆ ಮೋಹವೇ ಉಪಕಾರ. ಹದಮಳೆಯಾದ ಆ ನಾಲ್ಕಾರು ಸಂಜೆ ಹೊಲಗಳಲ್ಲಿ ಬೆಂಕಿ ಹಾಕಿದರೆ, ಇಲ್ಲವೆ ದೀಪದ ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿನ ಬೋಗುಣಿ ಇಟ್ಟರೆ, ಮೊಟ್ಟೆಯಿಡುವ ಮೊದಲೇ ಎಷ್ಟೋ ಹಾತೆಗಳು ಬೀಳುತ್ತವೆ. ಒಬ್ಬನೇ ಮಾಡಿದರೆ ಫಲ ಕಡಿಮೆ. ಪಕ್ಕದ ಹೊಲದ ದಂಡು ಬಂದೇ ಬರುತ್ತದೆ. ಊರೆಲ್ಲ ಒಂದೇ ಸಂಜೆ ಹೊರಡಬೇಕು. ತಪ್ಪಿ ಬಂದ ಹುಳುಗಳಿಗೆ ಹೊಲದ ಅಂಚಿನಲ್ಲಿ ಕಡಿದಾದ ಕಾಲುವೆ ತೋಡಿ, ಎಕ್ಕದ ಕೊಂಬೆಗಳನ್ನು ಹಾಕಿಡಿ. ಅಲ್ಲಿ ಸೇರಿದವನ್ನು ಆರಿಸಿ ಕೊಲ್ಲಬಹುದು. ಬರಿಗೈಯಲ್ಲಿ ಮುಟ್ಟಬೇಡಿ, ಕೂದಲು ಚುಚ್ಚಿ ತುರಿಕೆಯಾಗುತ್ತದೆ. ಬೇಸಗೆಯಲ್ಲಿ ಆಳವಾಗಿ ಉತ್ತರೆ ಕೋಶಗಳು ಮೇಲೆ ಬೀಳುತ್ತವೆ. ಉಳಿದದ್ದನ್ನು ಬಿಸಿಲೂ ನೇಗಿಲ ಹಿಂದೆ ಬರುವ ಹಕ್ಕಿಗಳೂ ನೋಡಿಕೊಳ್ಳುತ್ತವೆ.