ಜೇಡಕ್ಕೆ ಹೆದರುವವರು ಜೇಡ ಸಾಕಿದರೆ

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕ್ಯಾಥರೀನಾ ಹೌನರ್ ಮತ್ತು ಸಂಗಡಿಗರು ಜೇಡ ಅಂದರೆ ಸಾಕು, ಬೆವರುವಂಥ 12 ಜನರ ಮೇಲೆ ಒಂದು ಪ್ರಯೋಗ ನಡೆಸಿ 2012ರಲ್ಲಿ ಅದನ್ನು ಪ್ರಕಟಿಸಿದರು. ಪೆಟ್ಟಿಗೆಯೊಳಗೆ ಕೂತ ಟ್ಯಾರಂಟುಲಾ ಎಂಬ ದೊಡ್ಡ ಜೇಡದಿಂದ ಸುಮಾರು ಹತ್ತಡಿ ದೂರದಲ್ಲೇ ಈ ಜನರ ಕಾಲು ಕಟ್ಟಿಹೋಗುತ್ತಿತ್ತು. ಅವರಿಗೆ ಸಿಕ್ಕಿದ್ದು ಎರಡು ಮೂರು ಗಂಟೆಯ ಒಂದೇ ಒಂದು ಪಾಠ. ಮೊದಲು ಪೆಟ್ಟಿಗೆಯ ಹೊರಗೋಡೆ ಮುಟ್ಟಬೇಕು, ಆಮೇಲೆ ಬಣ್ಣದ ಕುಂಚದಿಂದ ಜೇಡವನ್ನು ಸವರಬೇಕು, ಆಮೇಲೆ ಗ್ಲೌಸು ಹಾಕಿದ ಕೈ, ಕೊನೆಗೆ ಬರಿಗೈ. ಆರು ತಿಂಗಳು ಬಿಟ್ಟು ಮತ್ತೆ ಕರೆಸಿದಾಗಲೂ ಅವರು ಅದನ್ನು ಮುಟ್ಟಬಲ್ಲವರಾಗಿದ್ದರು. ಮಿದುಳಿನಲ್ಲಿ ಭಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗ ಮೊದಲಿನಷ್ಟು ಗದ್ದಲ ಮಾಡುತ್ತಿಲ್ಲ ಎಂಬುದನ್ನು ಸ್ಕ್ಯಾನ್ ತೋರಿಸಿತು.

ನನಗೆ ಇದರಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಪಾಠಕ್ಕೆ ಮೊದಲು ಆ ಜನ ನಂಬಿದ್ದ ಸಂಗತಿಗಳು. ಜೇಡ ಪೆಟ್ಟಿಗೆಯಿಂದ ಹಾರಿ ಮೈಮೇಲೆ ಬೀಳುತ್ತದೆ ಎಂದು ಅವರು ತಿಳಿದಿದ್ದರು. ಕೆಲವರಿಗಂತೂ ಅದು ಕೂತಲ್ಲೇ ತಮಗೆ ಕೇಡು ಬಗೆಯುತ್ತಿದೆ ಅನ್ನಿಸಿತ್ತಂತೆ. ಟ್ಯಾರಂಟುಲಾದ ತಲೆಯಲ್ಲಿ ಯೋಜನೆ ಅಂತ ಏನಾದರೂ ಇದ್ದರೆ ಅದು ಒಂದೇ, ಎಲ್ಲಿ ಅಡಗಿಕೊಳ್ಳಲಿ ಎಂಬುದು.

ಈ ಭಯ ಎಲ್ಲಿಂದ ಬರುತ್ತದೆ ಎಂಬ ಜಗಳ ಇನ್ನೂ ಮುಗಿದಿಲ್ಲ. ಆರು ತಿಂಗಳ ಕೂಸುಗಳಿಗೆ ಹೂವಿನ ಚಿತ್ರಕ್ಕಿಂತ ಜೇಡದ ಚಿತ್ರ ತೋರಿಸಿದಾಗ ಕಣ್ಣಪಾಪೆ ಹೆಚ್ಚು ಅರಳುತ್ತದೆ ಎಂದು ಸ್ಟೆಫಾನೀ ಹೋಲ್ ಮತ್ತಿತರರು 2017ರಲ್ಲಿ ತೋರಿಸಿದರು. ಅಂದರೆ ಜೇಡದ ಕಡೆ ತಟ್ಟನೆ ಗಮನ ಹರಿಯುವುದು ಹುಟ್ಟಿನಿಂದಲೇ ಬಂದಿರಬಹುದು; ಕಿರುಚಿ ಮಂಚ ಹತ್ತುವುದನ್ನು ಮಾತ್ರ ನಾವು ಅಕ್ಕಪಕ್ಕದವರನ್ನು ನೋಡಿ ಕಲಿತಿರಬಹುದು. ಜೇಡ ಕಂಡರಾಗದವರನ್ನು ಕೇಳಿ ನೋಡಿ, ‘ಯಾವ ಕಡೆ ಓಡುತ್ತೋ ಗೊತ್ತಾಗಲ್ಲ’ ಅನ್ನುತ್ತಾರೆ. ಬಚ್ಚಲಮನೆ ಗೋಡೆಯ ಜೇಡ ನಮ್ಮನ್ನು ಕಾಡುವುದು ಅದಕ್ಕೇ. ನೆಲದಲ್ಲಿ ಬಿಲ ಮಾಡಿಕೊಂಡು ಬದುಕುವ ದೊಡ್ಡ ಟ್ಯಾರಂಟುಲಾ ಈ ವಿಷಯದಲ್ಲಿ ತೀರ ಬೇರೆ. ಬೆಳಿಗ್ಗೆ ಎಲ್ಲಿ ಕೂತಿತ್ತೋ ಸಂಜೆಯೂ ಅಲ್ಲೇ ಇರುತ್ತದೆ. ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ಜೇಡಕ್ಕೆ ಹೆದರುತ್ತಿದ್ದವರೇ ಟ್ಯಾರಂಟುಲಾ ಸಾಕಲು ಮುಂದಾಗುವುದು ಆದ್ದರಿಂದ ಅಂಥ ವಿಚಿತ್ರವೇನಲ್ಲ. ಎಷ್ಟು ಹೊತ್ತು ನೋಡಿದರೂ ಏನೂ ಆಗದಿರುವುದು, ಹೌನರ್ ಅವರ ಪಾಠದಲ್ಲಿ ಆದದ್ದೂ ಹೆಚ್ಚುಕಡಿಮೆ ಅಷ್ಟೇ.

ಆದರೆ ಯಾವ ಜಾತಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಸಾವಿರಕ್ಕೂ ಹೆಚ್ಚು ಬಗೆಯ ಟ್ಯಾರಂಟುಲಾಗಳಿವೆ. ಸಾಕುವವರು ಅವನ್ನು ಎರಡು ಪಾಲು ಮಾಡುತ್ತಾರೆ. ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳವು ‘ನ್ಯೂ ವರ್ಲ್ಡ್’, ಏಷ್ಯಾ ಆಫ್ರಿಕಾದವು ‘ಓಲ್ಡ್ ವರ್ಲ್ಡ್’. ಮೊದಲ ಗುಂಪಿನ ಹೆಚ್ಚಿನವಕ್ಕೆ ಹೊಟ್ಟೆಯ ಮೇಲೆ ತುರಿಕೆ ತರಿಸುವ ಸೂಕ್ಷ್ಮ ರೋಮಗಳಿರುತ್ತವೆ. ರೇಗಿದರೆ ಹಿಂಗಾಲಿನಿಂದ ಕೆರೆದು ಅವನ್ನು ಗಾಳಿಗೆ ತೂರುತ್ತವೆ. ಕಚ್ಚುವುದು ಕಡೆಯ ಮಾತು, ವಿಷವೂ ಮೆದು. ಎರಡನೆಯ ಗುಂಪಿಗೆ ಈ ರೋಮಗಳಿಲ್ಲ. ಹಾಗಾಗಿ ಅವು ಓಡುತ್ತವೆ, ಓಡಲಾಗದಿದ್ದರೆ ಕಚ್ಚುತ್ತವೆ. ಟ್ಯಾರಂಟುಲಾ ಕಚ್ಚಿ ಮನುಷ್ಯ ಸತ್ತ ಖಚಿತ ದಾಖಲೆ ಇಲ್ಲ ನಿಜ. ಆದರೆ ಭಾರತ ಮತ್ತು ಶ್ರೀಲಂಕಾದ ಮರಗಳಲ್ಲಿರುವ ಪೀಸಿಲೊಥೀರಿಯಾ ಕುಲದವು ಕಚ್ಚಿದಾಗ, ಗಂಟೆಗಟ್ಟಲೆ ಕಳೆದ ಮೇಲೆ ಸ್ನಾಯುಸೆಳೆತ ಶುರುವಾಗಿ ಆಸ್ಪತ್ರೆ ಸೇರಿದವರಿದ್ದಾರೆ. ಬಣ್ಣ ನೋಡಿ ಮರುಳಾಗಿ ಮೊದಲ ಜೇಡವಾಗಿ ಇಂಥದ್ದನ್ನು ತಂದರೆ ಹೆದರಿಕೆ ಹೋಗುವುದಿರಲಿ, ಮನೆಯನ್ನೇ ಬಿಟ್ಟು ಹೋಗಬೇಕಾದೀತು.

ಹೊಸಬರಿಗೆ ಸಾಮಾನ್ಯವಾಗಿ ಹೇಳುವ ಹೆಸರುಗಳು ನಾಲ್ಕಾರು. ಹೊಂಡುರಾಸ್, ನಿಕರಾಗುವಾ ಕಡೆಯ ಗುಂಗುರು ಕೂದಲಿನ ‘ಕರ್ಲಿ ಹೇರ್’, ಚಿಲಿ ದೇಶದ ‘ರೋಸ್ ಹೇರ್’, ಅಮೆರಿಕದ ಅರಿಜೋನಾ ಮರುಭೂಮಿಯ ‘ಬ್ಲಾಂಡ್’, ಮೆಕ್ಸಿಕೊದ ‘ರೆಡ್ ನೀ’. ಕಪ್ಪು ಕಾಲುಗಳ ಗಂಟಿಗೆ ಕೇಸರಿ ಹಚ್ಚಿದಂತಿರುವ ಈ ರೆಡ್ ನೀಯನ್ನು ನೀವು ಸಿನಿಮಾಗಳಲ್ಲಿ ನೋಡಿರುತ್ತೀರಿ. ನಿರ್ದೇಶಕರು ಭಯ ಹುಟ್ಟಿಸಲು ಪದೇ ಪದೇ ಆರಿಸಿಕೊಳ್ಳುವುದು ಇರುವುದರಲ್ಲೇ ಸಾಧುವಾದ ಇದನ್ನು! ಚೆಲುವೇ ಇದಕ್ಕೆ ಮುಳುವಾಯಿತು. ಕಾಡಿನಿಂದ ಹಿಡಿದು ಮಾರುವುದು ವಿಪರೀತವಾಗಿ, 1985ರಲ್ಲೇ ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನು ವನ್ಯಜೀವಿ ವ್ಯಾಪಾರದ ಸೈಟ್ಸ್ ಒಪ್ಪಂದದ ನಿಯಂತ್ರಣಕ್ಕೆ ತರಬೇಕಾಯಿತು. ಆದ್ದರಿಂದ ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಇದು ಸಾಕಣೆಯಲ್ಲೇ ಹುಟ್ಟಿದ್ದೇ ಎಂಬುದು. ಉತ್ತರ ತಡವರಿಸಿದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ಎರಡನೆಯ ಪ್ರಶ್ನೆ ಗಂಡೋ ಹೆಣ್ಣೋ. ರೆಡ್ ನೀ ಹೆಣ್ಣು 20 ವರ್ಷ ದಾಟಿ ಬದುಕುತ್ತದೆ. ಗಂಡು ಕೆಲವು ವರ್ಷಗಳಲ್ಲಿ ಪ್ರಾಯಕ್ಕೆ ಬಂದು, ಸಂಗಾತಿಯನ್ನು ಹುಡುಕುತ್ತ ಅಲೆದು, ಒಂದೆರಡು ವರ್ಷದೊಳಗೆ ಸಾಯುತ್ತದೆ. ಇದೇ ದೊಡ್ಡ ಬಳಗಕ್ಕೆ ಸೇರಿದ ಪಶ್ಚಿಮ ಆಸ್ಟ್ರೇಲಿಯಾದ ಬಿಲದ ಜೇಡವೊಂದನ್ನು ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ 1974ರಿಂದ ಗಮನಿಸುತ್ತ ಬಂದಿದ್ದರು. ಅದು ಸಾಯುವಾಗ 43 ವರ್ಷವಾಗಿತ್ತು. ಕಾಲೇಜು ಹುಡುಗನೊಬ್ಬ ಹೆಣ್ಣು ಮರಿ ತಂದರೆ, ಅವನ ಮದುವೆಗೂ ಅದು ಇರುತ್ತದೆ. ಸೊಸೆಯಾಗಿ ಬರುವವಳಿಗೆ ಮೊದಲೇ ಹೇಳಿಬಿಡುವುದು ವಾಸಿ.

ಮರಿ ತರಬೇಕೋ ದೊಡ್ಡದನ್ನೋ? ಬೆರಳುಗುರಿನಷ್ಟಿರುವ ಮರಿಯಿಂದ ಶುರುಮಾಡಿದರೆ ಅದರ ಜತೆಗೆ ನಮ್ಮ ಧೈರ್ಯವೂ ಬೆಳೆಯುತ್ತದೆ ಅನ್ನುವ ವಾದವಿದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಮರಿಗಳು ಚುರುಕು, ಮಣ್ಣೊಳಗೆ ಹೊಕ್ಕರೆ ತಿಂಗಳುಗಟ್ಟಲೆ ಕಾಣಿಸುವುದಿಲ್ಲ, ನೀರು ಆರಿದರೆ ಬೇಗ ಸಾಯುತ್ತವೆ. ಕಾಲು ಚಾಚಿದರೆ ಐದಾರು ಸೆಂಟಿಮೀಟರ್ ಆಗುವಷ್ಟು ಬೆಳೆದದ್ದೇ ಹೆದರುವವರಿಗೆ ಸರಿ.

ಮನೆ ಕಟ್ಟಿಕೊಡುವುದು ಸುಲಭ. ಮುಚ್ಚಳ ಭದ್ರವಾಗಿರುವ, ಬದಿಗೆ ಸಣ್ಣ ತೂತು ಕೊರೆದ ಪ್ಲಾಸ್ಟಿಕ್ ಅಥವಾ ಗಾಜಿನ ಪೆಟ್ಟಿಗೆ. ತಳಕ್ಕೆ ದಪ್ಪಗೆ ಕೊಕೊಪೀಟ್, ಅಂದರೆ ನಮ್ಮ ಕಡೆಯಿಂದಲೇ ಹೊರದೇಶಗಳಿಗೆ ಹೋಗುವ ತೆಂಗಿನ ನಾರಿನ ಪುಡಿ. ಅಡಗಲು ಒಂದು ಮರದ ತೊಗಟೆ, ಕುಡಿಯಲು ನೀರಿನ ತಟ್ಟೆ. ಲೋಹದ ಜಾಲರಿಯ ಮುಚ್ಚಳ ಬೇಡ, ಉಗುರು ಸಿಕ್ಕಿಕೊಂಡು ಜೇಡ ನೇತಾಡುತ್ತದೆ. ಹೊಸಬರು ಎಡವುವುದು ಎತ್ತರದಲ್ಲಿ. ನೆಲದ ಜೇಡಕ್ಕೆ ಎತ್ತರದ ಪೆಟ್ಟಿಗೆ ಕೊಟ್ಟರೆ ಅದು ಗಾಜು ಹತ್ತಿ ಜಾರಿ ಬೀಳುತ್ತದೆ. ಅದರ ಹೊಟ್ಟೆಯ ಚರ್ಮ ಎಷ್ಟು ತೆಳು ಎಂದರೆ ಅಷ್ಟು ಎತ್ತರದಿಂದ ಬಿದ್ದರೂ ಒಡೆದುಹೋಗಬಹುದು. ಮಣ್ಣಿನಿಂದ ಮುಚ್ಚಳಕ್ಕೆ ಇರುವ ಜಾಗ ಜೇಡದ ಕಾಲಗಲದ ಒಂದೂವರೆ ಪಟ್ಟು ಮೀರದಿದ್ದರೆ ಕ್ಷೇಮ.

ಟ್ಯಾರಂಟುಲಾದ ಕಾಲುಗಳ ಒಳಗುಟ್ಟು ಗೊತ್ತಾದರೆ ಈ ನಾಜೂಕು ಅರ್ಥವಾಗುತ್ತದೆ. ಕಾಲು ಮಡಚಲು ಅದಕ್ಕೆ ಸ್ನಾಯುಗಳಿವೆ, ಆದರೆ ಮುಖ್ಯ ಕೀಲುಗಳನ್ನು ಬಿಚ್ಚಿ ಚಾಚಲು ಸ್ನಾಯುವಿಲ್ಲ. ಜೆಸಿಬಿಯ ತೋಳು ಎಣ್ಣೆಯ ಒತ್ತಡದಿಂದ ಚಾಚಿಕೊಳ್ಳುವಂತೆ, ಇದು ಮೈಯ ದ್ರವವನ್ನು ಕಾಲಿಗೆ ಒತ್ತಿ ನಡೆಯುತ್ತದೆ. ಹೊಟ್ಟೆ ಒಡೆದರೆ ಒತ್ತಡವೇ ಹೋಯಿತು. ನೀರು ಸಾಲದೆ ಸೊರಗಿದ ಜೇಡದ ಎಂಟೂ ಕಾಲು ಮುದುಡಿ ಹೊಟ್ಟೆಯಡಿ ಸೇರುವುದೂ ಇದೇ ಕಾರಣಕ್ಕೆ. ಸಾಕುವವರು ನಿಜಕ್ಕೂ ಹೆದರಬೇಕಾದ ನೋಟ ಅದು.

ಹೆದರಬೇಕಿಲ್ಲದ ನೋಟ ಇನ್ನೊಂದಿದೆ. ಊಟ ಬಿಟ್ಟು ವಾರಗಳಾಗಿರುತ್ತವೆ. ಹೊಟ್ಟೆಯ ರೋಮ ಉದುರಿದ ಬೋಳು ಜಾಗ ಕಪ್ಪಗಾಗಿರುತ್ತದೆ. ಒಂದು ದಿನ ನೆಲದ ಮೇಲೆ ರೇಷ್ಮೆಯ ತೆಳು ಹಾಸು ನೇಯ್ದು, ಜೇಡ ಅದರ ಮೇಲೆ ಅಂಗಾತ ಮಲಗುತ್ತದೆ. ಸತ್ತೇಹೋಯಿತೆಂದು ಅಳುತ್ತ ಹೊರಗೆ ಎಸೆದವರಿದ್ದಾರೆ. ಅದು ಸತ್ತಿರುವುದಿಲ್ಲ, ಪೊರೆ ಬಿಡುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಬೆನ್ನಿನ ಚಿಪ್ಪು ಅಂಚಿನಲ್ಲಿ ಬಿರಿದು ಸರಿಯುತ್ತದೆ. ಒಳಗಿನ ಹೊಸ ಕಾಲುಗಳು ಉಬ್ಬುತ್ತ ಕುಗ್ಗುತ್ತ ಹಳೆಯ ಕಾಲುಗಳಿಂದ ಎಳೆದೆಳೆದು ಹೊರಬರುತ್ತವೆ. ದೊಡ್ಡ ಜೇಡಕ್ಕೆ ಇದು ಗಂಟೆಗಟ್ಟಲೆಯ ಕೆಲಸ. ಕಾಲು ಹೊರಟ ಮಾತ್ರಕ್ಕೆ ಮುಗಿಯಲಿಲ್ಲ. ಕೋರೆಹಲ್ಲು, ಹೀರುವ ಜಠರದ ಒಳಪದರ, ಪುಸ್ತಕದಂಥ ಶ್ವಾಸಾಂಗಗಳ ಒಳಪದರವೂ ಕಳಚಿಬರುತ್ತವೆ. ಹೆಣ್ಣಿನ ವೀರ್ಯಕೋಶದ ಒಳಪದರವೂ ಅದರಲ್ಲಿರುವುದರಿಂದ, ಒದ್ದೆಯಿರುವಾಗಲೇ ಪೊರೆಯನ್ನು ಬಿಡಿಸಿ ಭೂತಗನ್ನಡಿಯಲ್ಲಿ ನೋಡಿ ಗಂಡೋ ಹೆಣ್ಣೋ ಹೇಳಬಹುದು. ಹಿಂದೆ ಮುರಿದ ಕಾಲು ಚಿಕ್ಕದಾಗಿ ಮತ್ತೆ ಮೂಡಿರುವುದೂ ಉಂಟು.

ಆಗ ತಾನೇ ಹೊರಬಂದ ಜೇಡದ ಕೋರೆಗಳು ಬಿಳಿ, ಮೈ ಮೆತ್ತಗೆ. ಪೆಟ್ಟಿಗೆಯಲ್ಲಿ ತಿನ್ನಲು ಹಾಕಿದ ಕ್ರಿಕೆಟ್ ಹುಳ ಉಳಿದಿದ್ದರೆ ಅದೇ ಜೇಡವನ್ನು ಕಡಿದು ತಿಂದೀತು. ಕೋರೆಗಳು ಕಪ್ಪಗೆ ಗಟ್ಟಿಯಾಗುವವರೆಗೆ, ಒಂದೆರಡು ವಾರ, ನೀರು ಬಿಟ್ಟು ಬೇರೇನೂ ಬೇಡ.

ಊಟದ ಖರ್ಚು ಹೇಳಿಕೊಳ್ಳುವಂಥದ್ದಲ್ಲ. ಬೆಳೆದ ಜೇಡಕ್ಕೆ ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಾಕಿದ ಜಿರಲೆ ಅಥವಾ ಕ್ರಿಕೆಟ್ ಹುಳ ಸಾಕು. ಮನೆಯ ಮೂಲೆಯ ಜಿರಲೆ ಹಿಡಿದು ಹಾಕಬಾರದು, ಅದು ಯಾವ ಸ್ಪ್ರೇ ಕುಡಿದಿದೆಯೋ. ಚಿಲಿಯ ರೋಸ್ ಹೇರ್ ತಿಂಗಳುಗಟ್ಟಲೆ ಉಪವಾಸಕ್ಕೆ ಹೆಸರಾದದ್ದು. ಹೊಟ್ಟೆ ಗುಂಡಗಿದ್ದರೆ ಚಿಂತೆಯಿಲ್ಲ.

ಇನ್ನು ಕೈಯಲ್ಲಿ ಹಿಡಿಯುವ ವಿಚಾರ. ನನ್ನನ್ನು ಕೇಳಿದರೆ ಬೇಡ. ಹೌನರ್ ಅವರ ಪ್ರಯೋಗದಲ್ಲಿ ಬರಿಗೈಯಿಂದ ಮುಟ್ಟಿದ್ದು ಚಿಕಿತ್ಸೆ. ಮನೆಯಲ್ಲಿ ಹಿಡಿಯುವುದರಿಂದ ಜೇಡಕ್ಕೆ ಏನೂ ಸಿಗುವುದಿಲ್ಲ, ಅದು ನಮ್ಮನ್ನು ಗುರುತಿಸುವುದೂ ಇಲ್ಲ. ಎಂಟು ಕಣ್ಣಿದ್ದರೂ ಅದರ ದೃಷ್ಟಿ ಮಂದ, ಲೋಕವನ್ನು ಅದು ಬಲ್ಲದ್ದು ಕಾಲಿನ ರೋಮಗಳಿಗೆ ತಾಕುವ ಕಂಪನದಿಂದ. ನಡುಗುವ ಕೈಯಿಂದ ಅದು ಬಿದ್ದರೆ ಸಾವು ಅದಕ್ಕೆ. ಉದ್ದನೆಯ ಇಕ್ಕಳ, ಮೆತ್ತನೆಯ ಕುಂಚ, ಮೇಲೆ ಬೋರಲು ಹಾಕಲು ಒಂದು ಪಾರದರ್ಶಕ ಡಬ್ಬಿ ಇದ್ದರೆ ಎಲ್ಲ ಕೆಲಸ ಆಗುತ್ತದೆ. ಕಣ್ಣಿನ ಬಗ್ಗೆ ಮಾತ್ರ ಎಚ್ಚರ. ಬ್ರಿಟನ್ನಿನ ಲೀಡ್ಸ್‌ನಲ್ಲಿ ಪೆಟ್ಟಿಗೆ ತೊಳೆಯುತ್ತಿದ್ದವನೊಬ್ಬನ ಮುಖಕ್ಕೆ ಅವನದೇ ಜೇಡ ರೋಮ ಎರಚಿ, ಅವು ಕಣ್ಣಿನ ಕರಿಗುಡ್ಡೆಯ ಪೊರೆಗೆ ಚುಚ್ಚಿಕೊಂಡು, ವಾರಗಟ್ಟಲೆ ಕಣ್ಣು ಕೆಂಪಾಗಿಯೇ ಉಳಿದ ಪ್ರಕರಣ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಬಂದಿದೆ. ಸ್ವಚ್ಛ ಮಾಡುವಾಗ ಕನ್ನಡಕ ಹಾಕಿ, ಆಮೇಲೆ ಕೈ ತೊಳೆಯದೆ ಕಣ್ಣುಜ್ಜಬೇಡಿ.

ಭಾರತದಲ್ಲಿ ಇದಕ್ಕೆಲ್ಲ ಕಾನೂನಿನ ಬಾಗಿಲು ದಾಟಬೇಕು. ಸೈಟ್ಸ್ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಇಟ್ಟುಕೊಂಡವರು 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ ಮತ್ತು 2024ರ ನಿಯಮಗಳಂತೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ರೆಡ್ ನೀ ಆ ಪಟ್ಟಿಯಲ್ಲಿದೆ. 2019ರಿಂದ ಪೀಸಿಲೊಥೀರಿಯಾ ಕುಲ ಪೂರ್ತಿ ಅದರಲ್ಲಿದೆ, ಅದಕ್ಕೆ ಕಾರಣಗಳೂ ಇವೆ. ಬಳ್ಳಾರಿಯಿಂದ ಪೂರ್ವಕ್ಕಿರುವ ಆಂಧ್ರದ ಗುತ್ತಿಯಲ್ಲಿ, ರೈಲ್ವೆಯ ಮರದ ಅಂಗಳದಲ್ಲಿ ಸಿಕ್ಕ ಈ ಕುಲದ ಒಂದು ಕಡುನೀಲಿ ಜೇಡವನ್ನು ಪೊಕಾಕ್ ಎಂಬ ಬ್ರಿಟಿಷ್ ವಿಜ್ಞಾನಿ 1899ರಲ್ಲಿ ವಿವರಿಸಿದ. ಆಮೇಲೆ ಒಂದು ಶತಮಾನ ಅದರ ಸುಳಿವಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಮತ್ತೆ ಕಂಡಿತು. ಈಗ ಅದು ಅಳಿವಿನ ಅಂಚಿನಲ್ಲಿದೆ. ಅದೇ ಹೊತ್ತಿಗೆ ಯುರೋಪು ಅಮೆರಿಕಗಳ ಹವ್ಯಾಸಿಗಳ ಮನೆಗಳಲ್ಲಿ ಧಾರಾಳವಾಗಿ ಮರಿ ಹಾಕುತ್ತಿದೆ.

ನಮ್ಮ ರಾಜ್ಯದವೇ ಆದ ಟ್ಯಾರಂಟುಲಾಗಳೂ ಇವೆ. ಇದೇ ಪೊಕಾಕ್ 1895ರಲ್ಲಿ ಮೈಸೂರು ಸೀಮೆಯಿಂದ ಪೀಸಿಲೊಥೀರಿಯಾ ಸ್ಟ್ರಯಾಟವನ್ನು ವಿವರಿಸಿದ. ಉತ್ತರ ಕನ್ನಡದಲ್ಲಿ ಥ್ರಿಗ್ಮೊಪೀಯಸ್ ಕುಲದವು ರಸ್ತೆ ಬದಿಯ ಮಣ್ಣಿನ ದರೆಗಳಲ್ಲಿ ಬಿಲ ತೋಡಿಕೊಂಡಿರುತ್ತವೆ. ಇವನ್ನು ಹಿಡಿದು ತರುವ ಆಸೆ ಬೇಡ. ನೋಡಬೇಕೆನಿಸಿದರೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು, ಜಾಗ ಬಲ್ಲವರ ಜತೆ ಹೋಗಿ. ಬಿಲದ ಬಾಯಿಗೆ ನೇಯ್ದ ರೇಷ್ಮೆಯ ಅಂಚಿನಿಂದ ಗುರುತು ಹತ್ತುತ್ತದೆ. ಕಡ್ಡಿ ಹಾಕಿ ಕೆಣಕಬೇಡಿ, ಇವು ಓಲ್ಡ್ ವರ್ಲ್ಡ್ ಗುಂಪಿನವು.