ಗೋಡೆಗೆ ಹಾಲು-ಕಾಫಿಯ ಬಣ್ಣ

ಕೊಯ್ಲು ಮುಗಿದು, ಅಡಿಕೆ ಮಂಡಿ ಸೇರಿ, ಕಾಫಿ ಕ್ಯೂರಿಂಗಿಗೆ ಹೋದ ಮೇಲೆ ನಮ್ಮ ಬೆಳೆಗಾರರ ಮನೆಗಳಲ್ಲಿ ಸುಣ್ಣ-ಬಣ್ಣದ ಮಾತು ಏಳುತ್ತದೆ. ಮನೆಯಲ್ಲಿ ಮದುವೆಯೋ ಗೃಹಪ್ರವೇಶವೋ ಇದ್ದರಂತೂ ಕೇಳುವುದೇ ಬೇಡ. ಪೇಟೆಯ ಅಂಗಡಿಯವರು ತೋರಿಸುವ ನೂರಾರು ಬಣ್ಣಗಳಲ್ಲಿ ತಿಳಿ ಕಂದು ಬಣ್ಣವೂ ಒಂದು. ಹಾಲು ಬೆರೆಸಿದ ಕಾಫಿಯಂಥ, ಒಣಗಿದ ಅಡಿಕೆ ಸಿಪ್ಪೆಯಂಥ ಈ ಬಣ್ಣ ನಮಗೆ ಹೊಸದೇನಲ್ಲ. ಕೆಮ್ಮಣ್ಣು, ಹಳದಿ ಮಣ್ಣು, ಸುಣ್ಣ ಮೂರನ್ನೂ ಹದವಾಗಿ ಬೆರೆಸಿದರೆ ಬರುವುದೂ ಇದೇ ಬಣ್ಣ. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಹೆಂಗಸರು ಹಸೆ ಚಿತ್ತಾರ ಬರೆಯುವುದು ಕೆಮ್ಮಣ್ಣು ಬಳಿದ ಗೋಡೆಯ ಮೇಲೆಯೇ.

ಮಲೆನಾಡಿನ ಮನೆಗೆ ಈ ಬಣ್ಣ ಒಪ್ಪುವುದಕ್ಕೆ ಕಾರಣವಿದೆ. ನಮ್ಮ ಮನೆಗಳ ಮಾಡು ತಗ್ಗು, ಕಿಟಕಿ ಸಣ್ಣವು, ಮಳೆಗಾಲದಲ್ಲಿ ಹಗಲೇ ಮಬ್ಬು. ಬರೀ ಬಿಳಿ ಬಳಿದರೆ ಹೊಗೆ, ಕೆಸರು, ಕೈಗುರುತು ಎದ್ದು ಕಾಣುತ್ತವೆ. ಗಾಢ ಕೆಂಪು ಬಳಿದರೆ ಇರುವ ಬೆಳಕನ್ನೂ ಗೋಡೆ ನುಂಗುತ್ತದೆ. ತಿಳಿ ಕಂದು ಇವೆರಡರ ನಡುವಿನದು. ಮೇಲಿನ ತಾರಸಿಗೆ, ಅಟ್ಟದ ಅಡಿಗೆ ಬಿಳಿಯನ್ನೇ ಉಳಿಸಿಕೊಂಡು ನಡುಮನೆ, ಜಗಲಿಯ ಗೋಡೆಗೆ ಇದನ್ನು ಬಳಿದರೆ ಹಲಸು, ಬೀಟೆಯ ಬಾಗಿಲುಗಳಿಗೂ ಹೊಂದುತ್ತದೆ.

ಆದರೆ ಬಣ್ಣಕ್ಕಿಂತ ಮುಖ್ಯವಾದುದು ಅದನ್ನು ಯಾವುದರಲ್ಲಿ ಕಲಸಿದೆ ಎಂಬುದು. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಮಣ್ಣಿನ ಅಥವಾ ಜಂಬಿಟ್ಟಿಗೆಯ ಹಳೆಯ ಗೋಡೆ ನೆಲದಿಂದ ತೇವ ಹೀರಿ ಬೇಸಿಗೆಯಲ್ಲಿ ಹೊರಬಿಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಬಣ್ಣವೋ ಎಣ್ಣೆ ಬಣ್ಣವೋ ಬಿದ್ದರೆ ತೇವಕ್ಕೆ ದಾರಿ ಇರುವುದಿಲ್ಲ. ಬಣ್ಣ ಗುಳ್ಳೆಯೆದ್ದು ಹಕ್ಕಳೆಯಾಗಿ ಬೀಳುತ್ತದೆ. ಒಳಗೆ ಮಣ್ಣು ಮೆತ್ತಗಾಗಿ ಗೋಡೆಯೇ ಸಡಿಲವಾಗುತ್ತದೆ. ಅಜ್ಜ ಕಟ್ಟಿಸಿದ ಗೋಡೆಯನ್ನು ಚೆಂದ ಮಾಡಲು ಹೋಗಿ ಕೆಡಿಸಬಾರದು. ಇಂಥ ಗೋಡೆಗೆ ಸುಣ್ಣದಲ್ಲಿ ಕಲಸಿದ ಬಣ್ಣವೇ ಲೇಸು. ಅದು ತೇವವನ್ನು ತಡೆಯುವುದಿಲ್ಲ. ಅದರ ಕ್ಷಾರಗುಣಕ್ಕೆ ಬೂಷ್ಟೂ ಬೇಗ ಹತ್ತುವುದಿಲ್ಲ.

ಮಾಡುವ ಕ್ರಮ ಸುಲಭ. ಚೆನ್ನಾಗಿ ಅರಳಿಸಿ ನೆನೆಸಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಹಳದಿ ಮಣ್ಣನ್ನು ಬೇರೆಯಾಗಿ ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ಬಗ್ಗಿಸಿಕೊಂಡು ಸುಣ್ಣಕ್ಕೆ ಬೆರೆಸಬೇಕು. ಕೆಮ್ಮಣ್ಣು ಸ್ವಲ್ಪ ಸಾಕು. ಬಣ್ಣದ ಮಣ್ಣು ಸುಣ್ಣದ ತೂಕದ ಹತ್ತರಲ್ಲೊಂದು ಪಾಲು ಮೀರದಿದ್ದರೆ ಒಳ್ಳೆಯದು. ಹೆಚ್ಚಾದರೆ ಮೈಗೆ, ಬಟ್ಟೆಗೆ ಅಂಟುತ್ತದೆ. ಹಸಿ ಇದ್ದಾಗ ಕಾಣುವ ಬಣ್ಣ ಒಣಗಿದ ಮೇಲೆ ಬಹಳ ತಿಳಿಯಾಗುತ್ತದೆ. ಆದ್ದರಿಂದ ಮೂಲೆಯಲ್ಲಿ ಒಂದು ಮೊಳದಷ್ಟು ಬಳಿದು, ಎರಡು ದಿನ ಬಿಟ್ಟು, ಹಗಲಿನಲ್ಲೂ ದೀಪದಲ್ಲೂ ನೋಡಿ ನಿರ್ಧರಿಸಿ. ಬಿಳಿ ಎಲ್‌ಇಡಿ ಬೆಳಕಿನಲ್ಲಿ ಇದೇ ಬಣ್ಣ ಬೂದಿಯಂತೆಯೂ ಕಾಣಬಹುದು. ಗೋಡೆಗೆ ನೀರು ಚಿಮುಕಿಸಿ, ತೆಳುವಾಗಿ ಎರಡು ಮೂರು ಸಲ ಬಳಿಯಬೇಕು. ಸುಣ್ಣ ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ.

ಈಗಾಗಲೇ ಎಣ್ಣೆ ಬಣ್ಣ ಬಳಿದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ, ಹಳೆಯದನ್ನು ಕೆರೆಯಬೇಕು. ಹಿಂದಿನ ಎಣ್ಣೆ ಬಣ್ಣಗಳಲ್ಲಿ, ಅದರಲ್ಲೂ ಹಳದಿಯಲ್ಲಿ, ಸೀಸ ಬಳಸುತ್ತಿದ್ದುದುಂಟು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ಕೇಂದ್ರದ ನಿಯಮ 2016ರಲ್ಲಿ ಹೊರಟು 2017ರ ನವೆಂಬರಿನಿಂದ ಜಾರಿಗೆ ಬಂತು. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ. ಒದ್ದೆ ಮಾಡಿ ಕೆರೆಯಿರಿ. ಮಕ್ಕಳನ್ನೂ ಬಸುರಿಯರನ್ನೂ ದೂರವಿಡಿ. ಸೀಸ ಮಕ್ಕಳ ಮಿದುಳಿಗೆ ವಿಷ.

ಇನ್ನು ನಮ್ಮ ಹಂಡೆಯಲ್ಲೇ ಇರುವ ಬಣ್ಣದ ಮಾತು. ಅಡಿಕೆ ಬೇಯಿಸಿದ ಚೊಗರು ಮರಕ್ಕೆ ಒಳ್ಳೆಯ ಕಂದು ಕೊಡುತ್ತದೆ. ಹೆಗ್ಗೋಡಿನ ಬಳಿಯ ಚರಕ ಸಂಸ್ಥೆಯವರು ಹತ್ತಿ ಬಟ್ಟೆಗೂ ಅಡಿಕೆಯ ಬಣ್ಣ ಹಾಕಿ ತೋರಿಸಿದ್ದಾರೆ. ಆದರೆ ಚೊಗರನ್ನು ಸುಣ್ಣಕ್ಕೆ ಬೆರೆಸಬೇಡಿ. ಎಲೆ-ಅಡಿಕೆಗೆ ಸುಣ್ಣ ತಾಗಿದರೆ ಬಾಯಿ ಏನಾಗುತ್ತದೆಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಕಬ್ಬಿಣದ ಪಾತ್ರೆಯಲ್ಲಿಟ್ಟರೂ ಕಪ್ಪಾಗುತ್ತದೆ.

ಮಳೆಗಾಲದ ತೇವ ಪೂರಾ ಆರಿದ ಮೇಲೆ, ಮುಂಗಾರಿಗೆ ಮೊದಲು ಈ ಕೆಲಸ ಮುಗಿಸಿಕೊಳ್ಳುವುದು ಕ್ಷೇಮ. ಮಾಡಿನ ಒಡೆದ ಹೆಂಚನ್ನು ಮೊದಲು ಬದಲಾಯಿಸಿ. ಸೋರುವ ಮನೆಗೆ ಎಂಥ ಬಣ್ಣವೂ ನಿಲ್ಲದು.