ಆಟಗಾರರ ಸೊಂಟದ ಕೀಲು ನೋವು

"ಸೊಂಟ ನೋವು" ಎಂದು ಹೇಳಿಕೊಂಡು ಬರುವ ಆಟಗಾರನಿಗೆ ಅನುಭವಸ್ಥ ವೈದ್ಯರು ಮೊದಲು ಹೇಳುವ ಮಾತು, "ಒಂದು ಬೆರಳಿಟ್ಟು ತೋರಿಸಪ್ಪ" ಎಂಬುದು. ಇದಕ್ಕೆ ಕಾರಣವಿದೆ. ನಮ್ಮ ಆಡುಮಾತಿನಲ್ಲಿ ಬೆನ್ನಿನ ಕೆಳಭಾಗ, ಪಕ್ಕದ ಚಪ್ಪೆಮೂಳೆ, ಪಿರ್ರೆಯ ಮೇಲ್ಭಾಗ ಎಲ್ಲವೂ ಸೊಂಟವೇ. ಗೌರಿಬಿದನೂರು, ಚಿಂತಾಮಣಿಯ ಕಡೆ ಮನೆಯಲ್ಲಿ ತೆಲುಗು ಆಡುವವರು 'ನಡುಮು ನೊಪ್ಪಿ' ಎಂದರೂ ಅದೇ ಕಥೆ. ಆದರೆ ತೊಡೆಮೂಳೆ ಬಂದು ಸೇರುವ ನಿಜವಾದ ಸೊಂಟದ ಕೀಲು ಇರುವುದು ತೊಡೆಸಂದಿನ ಆಳದಲ್ಲಿ. ಅದರ ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲೇ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ತೊಡೆಯ ಮುಂಭಾಗದಲ್ಲಿ ಇಳಿದು ಮೊಣಕಾಲಿನಲ್ಲಿ ಕಾಣಿಸುತ್ತದೆ. ಈ ಕೊನೆಯ ಮಾತನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಜೀವಶಾಸ್ತ್ರದ ಪಾಠದಲ್ಲಿ ಓದಿರುವ ಚೆಂಡು-ಕುಳಿ ಕೀಲಿಗೆ ಇದೇ ಒಳ್ಳೆಯ ಉದಾಹರಣೆ. ತೊಡೆಮೂಳೆಯ ದುಂಡನೆಯ ತಲೆ ಚಪ್ಪೆಮೂಳೆಯ ಆಳವಾದ ಕುಳಿಯಲ್ಲಿ ಕೂತಿರುತ್ತದೆ. ಕುಳಿಯ ಅಂಚಿಗೆ ಮೃದ್ವಸ್ಥಿಯಂಥ ಒಂದು ಉಂಗುರವಿದ್ದು ಚೆಂಡನ್ನು ಹಿಡಿದಿಡುತ್ತದೆ. ಸುಮ್ಮನೆ ನಡೆಯುವಾಗಲೇ ಈ ಕೀಲಿನ ಮೇಲೆ ದೇಹತೂಕದ ಎರಡು ಪಟ್ಟಿಗೂ ಹೆಚ್ಚು ಭಾರ ಬೀಳುತ್ತದೆ. ಓಡುವಾಗ ಅದು ಇನ್ನೂ ಬಹಳ ಏರುತ್ತದೆ.

ಆಟದ ಮೈದಾನದಲ್ಲಿ ತೀರ ಸಾಮಾನ್ಯವಾದದ್ದು ತೊಡೆಯ ಒಳಬದಿಯ ಸ್ನಾಯುಗಳ ಎಳೆತ. ಕಬಡ್ಡಿಯಲ್ಲಿ ಗೆರೆ ಮುಟ್ಟಲು ಕಾಲು ಚಾಚಿದಾಗ, ಖೋ-ಖೋದಲ್ಲಿ ಓಡುತ್ತಲೇ ಸರಕ್ಕನೆ ತಿರುಗಿದಾಗ ಈ ಸ್ನಾಯುಗಳು ಹಿಗ್ಗಿ ಹರಿಯುತ್ತವೆ. 2022ರ ಜೂನ್ ತಿಂಗಳಲ್ಲಿ ಕರ್ನಾಟಕದ ಕೆ.ಎಲ್. ರಾಹುಲ್ ತೊಡೆಸಂದಿನ ನೋವಿನಿಂದ ದಕ್ಷಿಣ ಆಫ್ರಿಕಾ ವಿರುದ್ಧದ ಟಿ-20 ಸರಣಿಯಿಂದಲೇ ಹೊರಗುಳಿದು, ಜರ್ಮನಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಆದರೆ ಸ್ನಾಯು ಎಳೆತ ಹೆಚ್ಚಿನವರಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾಗುತ್ತದೆ. ಮೊದಲ ಎರಡು ಮೂರು ದಿನ ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷ ಇಡಬೇಕು. ಪೆಟ್ಟು ಬಿದ್ದ ದಿನವೇ ಬಿಸಿ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮಲ್ಲಿ ರೂಢಿ. ಅದರಿಂದ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ.

ಆಮೇಲೆ ಏನು ಮಾಡಬೇಕೆಂಬುದೇ ಮುಖ್ಯ. ನೋವು ಹೋಗುವ ತನಕ ಮಲಗಿದ್ದು, ಹೋದ ಮರುದಿನವೇ ಪಂದ್ಯಕ್ಕಿಳಿದವರಿಗೆ ಅದೇ ಜಾಗದಲ್ಲಿ ಮತ್ತೆ ಪೆಟ್ಟಾಗುತ್ತದೆ. ಮಲಗಿ ಎರಡು ಮೊಣಕಾಲುಗಳ ನಡುವೆ ಚೆಂಡೊಂದನ್ನು ಒತ್ತಿ ಹಿಡಿಯುವುದರಿಂದ ಆರಂಭಿಸಿ, ನಿಧಾನ ಓಟ, ನೇರ ವೇಗದ ಓಟ, ಕೊನೆಗೆ ತಿರುವು ಎಂಬ ಕ್ರಮದಲ್ಲಿ ಮರಳಬೇಕು. ನಾರ್ವೆಯ 35 ಫುಟ್‌ಬಾಲ್ ತಂಡಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದೇ ಒಂದು ವ್ಯಾಯಾಮದಿಂದ ತೊಡೆಸಂದಿನ ತೊಂದರೆಯ ಸಂಭವ ಶೇಕಡ 41ರಷ್ಟು ತಗ್ಗಿತು. ಮೊಣಕೈ ಊರಿ ಪಕ್ಕಕ್ಕೆ ಮಲಗುವುದು, ಮೇಲಿನ ಕಾಲನ್ನು ಜೊತೆಗಾರ ಹಿಡಿದುಕೊಳ್ಳುವುದು, ಆ ಕಾಲಿನ ಬಲದಿಂದಲೇ ಸೊಂಟವನ್ನು ಮೇಲೆತ್ತಿ ಕೆಳಗಿನ ಕಾಲನ್ನು ಅದಕ್ಕೆ ಸೇರಿಸುವುದು, ಇಷ್ಟೇ. ಶಾಲೆಯ ಮೈದಾನದಲ್ಲಿ ಇದಕ್ಕೆ ಖರ್ಚೇನೂ ಇಲ್ಲ.

ಇಷ್ಟಾದರೂ ಬೆಳೆಯುವ ವಯಸ್ಸಿನವರ ನೋವನ್ನೆಲ್ಲ ಸ್ನಾಯು ಎಳೆತವೆಂದು ತಳ್ಳಿಹಾಕುವಂತಿಲ್ಲ. ಹದಿಹರೆಯದಲ್ಲಿ ಮೂಳೆಯ ತುದಿಗಳಲ್ಲಿ ಬೆಳವಣಿಗೆಯ ಮೃದ್ವಸ್ಥಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಸ್ನಾಯು ಮೂಳೆಗಿಂತ ಬಲವಾಗಿರುತ್ತದೆ. 100 ಮೀಟರ್ ಓಟದ ನಡುವೆ 'ಟಪ್' ಎಂದಂತಾಗಿ ಹುಡುಗ ಕುಸಿದರೆ, ಸ್ನಾಯು ತನ್ನ ಬುಡದ ಮೂಳೆಯ ಚೂರನ್ನೇ ಕಿತ್ತುಕೊಂಡು ಬಂದಿರಬಹುದು. ಎಕ್ಸ್‌ರೇಯಲ್ಲಿ ಇದು ಕಾಣುತ್ತದೆ. ಹೆಚ್ಚಿನವರಿಗೆ ಕೆಲವು ವಾರ ಊರುಗೋಲು, ವಿಶ್ರಾಂತಿ ಸಾಕು.

ಇದಕ್ಕಿಂತ ಅಪಾಯಕಾರಿಯಾದದ್ದು ಇನ್ನೊಂದಿದೆ. ತೊಡೆಮೂಳೆಯ ತಲೆಗೂ ಅದರ ಕತ್ತಿಗೂ ನಡುವೆ ಒಂದು ಬೆಳವಣಿಗೆಯ ತಟ್ಟೆ ಇರುತ್ತದೆ. ಹತ್ತರಿಂದ ಹದಿನಾರರ ವಯಸ್ಸಿನಲ್ಲಿ, ಮೈತೂಕ ಹೆಚ್ಚಿರುವ ಮಕ್ಕಳಲ್ಲಿ ವಿಶೇಷವಾಗಿ, ಕೋನಿನ ಮೇಲಿನ ಐಸ್‌ಕ್ರೀಂ ಓರೆಯಾಗುವಂತೆ ಆ ತಲೆ ತನ್ನ ಜಾಗದಿಂದ ಜಾರುತ್ತದೆ. ಹುಡುಗ ಕುಂಟುತ್ತಾನೆ, ಪಾದ ಹೊರಗೆ ತಿರುಗಿರುತ್ತದೆ, ಆದರೆ ನೋವೆಲ್ಲಿ ಎಂದರೆ ಮೊಣಕಾಲು ತೋರಿಸುತ್ತಾನೆ! ಮೊಣಕಾಲಿನ ಎಕ್ಸ್‌ರೇ ತೆಗೆಸುತ್ತಾರೆ, ಅದು ಸರಿಯಾಗಿಯೇ ಇರುತ್ತದೆ, ಮುಲಾಮು ಕೊಟ್ಟು ಮನೆಗೆ ಕಳಿಸುತ್ತಾರೆ. ಹೀಗೆ ವಾರಗಳು ಕಳೆಯುತ್ತವೆ. ತಲೆಗೆ ರಕ್ತ ಒಯ್ಯುವ ನಾಳಗಳು ಕತ್ತಿನ ಮೇಲೆಯೇ ಹಾದುಹೋಗುವುದರಿಂದ, ಒಂದು ದಿನ ಅದು ಪೂರ್ತಿ ಜಾರಿದರೆ ರಕ್ತವಿಲ್ಲದೆ ಮೂಳೆ ಸಾಯಬಹುದು. ಮೊದಲೇ ಗೊತ್ತಾದರೆ ಚಿಕ್ಕ ಗಾಯದ ಮೂಲಕ ತಿರುಪೊಂದನ್ನು ಹಾಕಿ ಅಲ್ಲಿಗೇ ನಿಲ್ಲಿಸುತ್ತಾರೆ. ಆದ್ದರಿಂದ ಕುಂಟುವ ಹುಡುಗನ ಎರಡೂ ಕಡೆಯ ಸೊಂಟದ ಎಕ್ಸ್‌ರೇಯನ್ನು, ಕಾಲುಗಳನ್ನು ಕಪ್ಪೆಯಂತೆ ಅಗಲಿಸಿ ತೆಗೆಯುವ ಚಿತ್ರವೂ ಸೇರಿದಂತೆ, ಅಂದೇ ತೆಗೆಸಬೇಕು. ನಮ್ಮ ಸೀಮೆಯಲ್ಲಿ ಮೂಳೆ ಎಂದೊಡನೆ ಪುತ್ತೂರು ಕಟ್ಟಿನ ನೆನಪಾಗುತ್ತದೆ. ಅದರ ಮೇಲಿನ ನಂಬಿಕೆ ಹಳೆಯದು. ಆದರೆ ಜಾರಿದ ತಲೆಯನ್ನು ಹೊರಗಿನಿಂದ ಎಳೆದು ಕೂರಿಸಲು ಹೋದರೆ ಆ ನಾಳಗಳೇ ಹರಿಯುವ ಭಯವಿದೆ.

ಕಾಲೇಜು ವಿದ್ಯಾರ್ಥಿಗಳಿಗೆ ಎದುರಾಗುವುದು ಬೇರೆ ಸಂಗತಿ. ಸೈನ್ಯದ ನೇಮಕಾತಿಯೋ ಪೊಲೀಸ್ ಹುದ್ದೆಯೋ ಪ್ರಕಟವಾದೊಡನೆ, ಅದುವರೆಗೆ ಓಡದಿದ್ದವರು 1600 ಮೀಟರಿಗಾಗಿ ಪ್ರತಿ ಬೆಳಗ್ಗೆ ಡಾಂಬರು ರಸ್ತೆಯಲ್ಲಿ, ಭಾನುವಾರ ನಂದಿಬೆಟ್ಟದ ಮೆಟ್ಟಿಲುಗಳಲ್ಲಿ ಓಡತೊಡಗುತ್ತಾರೆ. ಹೊಸ ಭಾರಕ್ಕೆ ಮೂಳೆ ತನ್ನನ್ನು ಮೊದಲು ಕರಗಿಸಿಕೊಂಡು ಆಮೇಲೆ ಕಟ್ಟಿಕೊಳ್ಳುತ್ತದೆ. ಈ ನಡುವಿನ ವಾರಗಳಲ್ಲಿ ಅದು ದುರ್ಬಲ. ತೊಡೆಮೂಳೆಯ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುವುದು ಆಗಲೇ. ಆರಂಭದಲ್ಲಿ ಓಡುವಾಗ ಮಾತ್ರ ತೊಡೆಸಂದು ನೋಯುತ್ತದೆ, ನಂತರ ನಡೆಯುವಾಗ, ಕೊನೆಗೆ ರಾತ್ರಿಯೂ. ಎಕ್ಸ್‌ರೇಯಲ್ಲಿ ಆರಂಭದಲ್ಲಿ ಏನೂ ಕಾಣದಿರಬಹುದು, ಎಂ.ಆರ್.ಐ. ಬೇಕಾಗುತ್ತದೆ. ಬಿರುಕು ಕತ್ತಿನ ಕೆಳಬದಿಯಲ್ಲಿದ್ದರೆ ಸಾಮಾನ್ಯವಾಗಿ ಊರುಗೋಲು ಹಿಡಿದು ವಾರಗಟ್ಟಲೆ ಕಾಯುವುದು ಸಾಕು, ಮೇಲ್ಬದಿಯಲ್ಲಿದ್ದರೆ ಪೂರ್ತಿ ಮುರಿಯುವ ಮುನ್ನ ತಿರುಪು. ನೋವಿನ ಮಾತ್ರೆ ನುಂಗಿ ಓಟದ ಪರೀಕ್ಷೆ ಮುಗಿಸಿಬಿಡೋಣ ಎಂದುಕೊಂಡವನಿಗೆ ಹುದ್ದೆಯೂ ಹೋಗುತ್ತದೆ, ಕೀಲೂ ಹೋಗುತ್ತದೆ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತು. ಓಟ ಹೆಚ್ಚಿ ಊಟ ಸಾಲದಾದಾಗ ಮುಟ್ಟು ನಿಲ್ಲುತ್ತದೆ; ಅದರೊಂದಿಗೆ ಮೂಳೆಯೂ ಸವೆಯುತ್ತದೆ. ಇದನ್ನು ಹೇಳಲು ಸಂಕೋಚಪಡುವಂಥದ್ದೇನಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂಬುದು ನಿಜವಾದರೂ, ಬೆಳಗಿನ ಅಭ್ಯಾಸದ ನಂತರ ತಿಂಡಿ ತಿನ್ನದೆ ತರಗತಿಗೆ ಓಡುವವಳಿಗೆ ರಾತ್ರಿಯ ಒಂದು ಮುದ್ದೆ ಸಾಲದು.

ಕೆಲವರಿಗೆ ಹುಟ್ಟು ಬೆಳವಣಿಗೆಯಲ್ಲೇ ಚೆಂಡು ಅಥವಾ ಕುಳಿಯ ಅಂಚು ತುಸು ಉಬ್ಬಿದ್ದು, ಆಳವಾಗಿ ಕುಕ್ಕುರುಗಾಲಲ್ಲಿ ಕೂತಾಗ ಒಂದಕ್ಕೊಂದು ತಾಗುತ್ತದೆ. ನೋವಿಲ್ಲದ ಎಷ್ಟೋ ಆಟಗಾರರಲ್ಲೂ ಈ ಆಕಾರ ಕಾಣುವುದರಿಂದ ಚಿತ್ರ ನೋಡಿ ಹೆದರಬೇಕಾಗಿಲ್ಲ. ಮೊದಲು ವ್ಯಾಯಾಮ, ಅದಕ್ಕೂ ಬಗ್ಗದಿದ್ದರೆ ದುರ್ಬೀನು ಶಸ್ತ್ರಚಿಕಿತ್ಸೆ. ಕೀಲು ತೀರ ಸವೆದಿದ್ದ ಬ್ರಿಟನ್ನಿನ ಟೆನಿಸ್ ಆಟಗಾರ ಆಂಡಿ ಮರ್ರೆ 2019ರ ಜನವರಿಯಲ್ಲಿ ಅದಕ್ಕೆ ಲೋಹದ ಹೊದಿಕೆ ಹಾಕಿಸಿಕೊಂಡು, ಅದೇ ಅಕ್ಟೋಬರಿನಲ್ಲಿ ಆಂಟ್‌ವರ್ಪ್‌ನಲ್ಲಿ ಪ್ರಶಸ್ತಿ ಗೆದ್ದರು. ಅದು ಅಪರೂಪದ ಸಂಗತಿ.

ವೈದ್ಯರ ಬಳಿ ಹೋದಾಗ ನೋವು ಎಂದು ಶುರುವಾಯಿತು, ಯಾವ ಚಲನೆಯಲ್ಲಿ, ಕಳೆದ ತಿಂಗಳಲ್ಲಿ ಓಟವನ್ನು ಎಷ್ಟು ಹೆಚ್ಚಿಸಿದಿರಿ, ರಾತ್ರಿ ನೋಯುತ್ತದೆಯೇ, ಜ್ವರವಿದೆಯೇ ಎಂಬುದನ್ನು ಹೇಳಿ. ಜ್ವರದೊಡನೆ ಕಾಲೂರಲಾಗದಿದ್ದರೆ ಕೀಲಿನಲ್ಲಿ ಕೀವಾಗಿರಬಹುದು. ಆಗ ಬೆಳಗಾಗುವವರೆಗೂ ಕಾಯುವಂತಿಲ್ಲ. ಎಕ್ಸ್‌ರೇ ತಾಲ್ಲೂಕು ಮಟ್ಟದಲ್ಲೇ ಸಿಗುತ್ತದೆ. ತಿರುಪು ಹಾಕುವಂಥ ಚಿಕಿತ್ಸೆಗೆ ಜಿಲ್ಲಾ ಆಸ್ಪತ್ರೆಯವರು ಮುಂದೆ ಕಳಿಸಿದರೆ ಬೆಂಗಳೂರಿನ ಸಂಜಯ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆ ಇದೆ. ಹೋಗುವಾಗ ಆ ಕಾಲನ್ನು ಊರಿಸದೆ, ಮಲಗಿಸಿಕೊಂಡೇ ಕರೆದೊಯ್ಯಬೇಕು.